ಓಬೋ ಹಾಳೆಗಳ ಉಸಿರುಗುರುತು

2016ರ ಮಾರ್ಚ್ 14, ಸೋಮವಾರ ಬೆಳಿಗ್ಗೆ 9.40ಕ್ಕೆ ಸ್ಯಾನ್ ಡಿಯಾಗೋದ ಕರ್ನಿ ಮೆಸಾ ಠಾಣೆಗೆ ಒಂದು ದೂರು ಬಂತು. ತಂದವರು ಮಂಜುಶ್ರೀ. ಟೆಲಿಕಾಂ ಕಂಪನಿಗಳ ನೌಕರರು ಕೆಲಸ ಮುಗಿಸಿ ಕೂಡಿ ನುಡಿಸುವ ಹವ್ಯಾಸಿ ವಾದ್ಯವೃಂದವೊಂದರಲ್ಲಿ ಸ್ವರಲಿಪಿಯ ಹಾಳೆಗಳನ್ನು ಕಾಯುವ ಹೊಣೆ ಅವರದು. ದೂರು ಬರೆದುಕೊಂಡವರು ಡಿಟೆಕ್ಟಿವ್ ಜಯಂತ ರುದ್ರಪ್ಪ. ಕಳ್ಳತನದ ವಿಭಾಗದಲ್ಲಿ ಅದು ಅವರ ಇಪ್ಪತ್ತೆರಡನೆಯ ವರ್ಷ. ಕಳೆದುಕೊಂಡವರ ಮುಖಗಳೆಲ್ಲ ಅವರಿಗೆ ಒಂದೇ ಮುಖವಾಗಿ ಕಾಣತೊಡಗಿ ಬಹಳ ಕಾಲವಾಗಿತ್ತು.

“ಏನು ಕಳುವಾಗಿದೆ?”

“ಹದಿನಾಲ್ಕು ಹಾಳೆ, ಸರ್. ಓಬೋದ್ದು.”

“ವಾದ್ಯ?”

“ವಾದ್ಯ ಅಲ್ಲ, ಬರೀ ಹಾಳೆ. ಕೈಬರಹದ್ದು, ಎಂಬತ್ತು ವರ್ಷ ಹಳೇದು. ಲಾಸ್ ಏಂಜಲಿಸ್‌ನ ಒಂದು ಲೈಬ್ರರಿಯಿಂದ ಲೋನ್ ಮೇಲೆ ತಂದಿದ್ವಿ. ಈ ಶನಿವಾರ ವಾಪಸ್ ಕೊಡಬೇಕು.”

“ಬೆಲೆ?”

“ಇನ್ಶೂರೆನ್ಸ್‌ನವರ ಪ್ರಕಾರ ಒಂದು ಕಾರಿನಷ್ಟು.”

ದೊಡ್ಡ ಕಳ್ಳತನದ ಕಲಂ ಹಾಕಲು ಅಷ್ಟು ಸಾಕಿತ್ತು. ಊರಿನಲ್ಲಾಗಿದ್ದರೆ ಎಫ್‌ಐಆರ್ ಎನ್ನಬಹುದಾದ ಮೊದಲ ವರದಿ 10.15ಕ್ಕೆ ದಾಖಲಾಯಿತು.

“ಕಾರು, ಲ್ಯಾಪ್‌ಟಾಪು, ಒಂದ್ಸಲ ಇಗುವಾನಾ ಕೂಡ ಹುಡುಕಿದ್ದೀವಿ, ಬಾಸ್. ಕಾಗದ ಇದೇ ಮೊದಲು,” ಎಂದ ಜೊತೆಯ ಪೇದೆ ಡೆಲ್ಗಾಡೊ.

“ಇಗುವಾನಾ ತಾನಾಗೇ ವಾಪಸ್ ಬಂತು. ಜೀಪು ತೆಗಿ.”

ತಾಲೀಮು ನಡೆಯುವ ಕೊಠಡಿಯಲ್ಲಿ 11.30ಕ್ಕೆ ಸ್ಥಳ ಪಂಚನಾಮೆ ಮಾಡಲಾಯಿತು. ಕಪಾಟಿನ ಅಂಕಿಬೀಗ ಮುರಿದಿರಲಿಲ್ಲ. ಒಳಗಿನ ಪೆಟ್ಟಿಗೆಯಲ್ಲಿ ಕ್ಲಾರಿನೆಟ್, ಹಾರ್ನ್, ಬಸೂನ್‌ಗಳ ಹಾಳೆಗಳಿದ್ದವು. ಕೃತಿ ನಾಲ್ಕು ಸುಷಿರ ವಾದ್ಯಗಳಿಗೆಂದು ಬರೆದ ಕಾನ್ಚೆರ್ಟೊ; ಊದುವ ಆ ನಾಲ್ಕು ವಾದ್ಯಗಳು ಮುಂದಾಗಿ, ಉಳಿದ ವೃಂದ ಜೊತೆಗೂಡಿ ನುಡಿಸುವಂಥದು. ನಾಲ್ಕನೆಯದಾದ ಓಬೋದ ಜಾಗ ಮಾತ್ರ ಖಾಲಿಯಿತ್ತು.

“ಬೀಗದ ನಂಬರ್ ಯಾರಿಗೆ ಗೊತ್ತು?”

“ನನಗೆ, ಮತ್ತೆ ನಾಲ್ಕು ಜನ ಸೋಲೋಯಿಸ್ಟ್‌ಗಳಿಗೆ. ಆದ್ರೆ ಓಬೋ ನುಡಿಸ್ತಿದ್ದ ಸ್ಪಂದನಾ ಜನವರಿಯಲ್ಲಿ ಹೋಗಿಬಿಟ್ಟಳು, ಸರ್. ಶ್ವಾಸಕೋಶದ ಕಾಯಿಲೆ.” ಮಂಜುಶ್ರೀ ಚೀಲದಿಂದ ರಬ್ಬರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ವಾಪಸ್ ಕೊಡೋ ಮುಂಚೆ ಪೆನ್ಸಿಲ್ ಗುರುತೆಲ್ಲ ಅಳಿಸ್ಬೇಕು, ಅದು ರೂಲು. ಅವರವರ ಹಾಳೆ ಅವರೇ ಅಳಿಸ್ತಾರೆ. ಅವಳದ್ದನ್ನ ನಾನು ಅಳಿಸ್ಬೇಕಿತ್ತು. ಮೊನ್ನೆ ಶನಿವಾರ ಅಳಿಸೋಣ ಅಂತ ಪೆಟ್ಟಿಗೆ ತೆಗೆದ್ರೆ ಹಾಳೇನೇ ಇಲ್ಲ.”

ಮಾರ್ಚ್ 16, ಬುಧವಾರ. ಎರಡೂವರೆ ಗಂಟೆ ಜೀಪಿನಲ್ಲಿ ಕುಳಿತು ಇಬ್ಬರೂ ಲಾಸ್ ಏಂಜಲಿಸ್ ಬದಿಯ ವಾಲ್‌ನಟ್ ತಲುಪಿದರು. ಲೈಬ್ರರಿಯ ಪರವಾಗಿ ಆ ಹಾಳೆಗಳ ಅಧ್ಯಯನ ನಡೆಸುತ್ತಿದ್ದ ನಿವೃತ್ತ ಪ್ರಾಧ್ಯಾಪಕ ವೆಂಕಟಾಚಲ ಅವರ ಮನೆ ಅಲ್ಲಿತ್ತು.

“ಈ ಕೃತಿ ಬರೆದವರು ಯಾರು?” ಜಯಂತ ಕೇಳಿದರು.

“ಅದೇ ಪ್ರಶ್ನೆ, ರುದ್ರಪ್ಪನವರೇ! ಒಬ್ಬ ಮಹಾನುಭಾವನ ಹೆಸರು ಹೇಳ್ತಾರೆ. ಅವನ ಕೈಬರಹ ಎಲ್ಲೂ ಇಲ್ಲ. ಮೊದಲು ಕೊಳಲಿಗೆ ಬರೆದಿದ್ದನ್ನ ಆಮೇಲೆ ಯಾರೋ ಓಬೋಗೆ ತಿರುಗಿಸಿದರು ಅಂತ ನನ್ನ ವಾದ. ಈ ಹಾಳೆಗಳನ್ನ ಬರೆದ ನಕಲುಗಾರ ಮೊದಲು ಕೊಳಲಿನ ಸ್ವರ ಬರೆದು, ಕೆರೆದು, ಮೇಲೆ ಓಬೋ ಬರೆದಿದ್ದಾನೆ. ಪೆನ್ಸಿಲ್ ಅಳಿಸಿ ದೀಪ ಹಿಡಿದರೆ ಕೆಳಗಿನದು ಕಾಣುತ್ತೆ. ಹನ್ನೊಂದು ವರ್ಷದಿಂದ ಕಾಯ್ತಿದ್ದೀನಿ.”

ಪ್ರತಿ ಬಾರಿ ಲೋನ್ ನವೀಕರಿಸುವಾಗ ತೆಗೆದ ಛಾಯಾಪ್ರತಿಗಳನ್ನು ಅವರು ತೋರಿಸಿದರು. ಸ್ವರಗಳ ನೆತ್ತಿಯ ಮೇಲೆ ಅಲ್ಲಲ್ಲಿ ಅಲ್ಪವಿರಾಮದಂಥ ಸಣ್ಣ ಪೆನ್ಸಿಲ್ ಗೆರೆಗಳಿದ್ದವು.

“ಇವೇನು?”

“ಉಸಿರುಗುರುತು. ಊದುವವರು ಎಲ್ಲಿ ಉಸಿರು ತೆಗೀಬೇಕು ಅಂತ ಹಾಕ್ಕೊಳ್ಳೋದು. ನನಗೆ ಅದು ಕಸ.”

ಜಯಂತ ಕನ್ನಡಕ ಏರಿಸಿ ಎಣಿಸಿದರು. 2011ರ ಪ್ರತಿಯಲ್ಲಿ ಹತ್ತೊಂಬತ್ತು; 2015ರ ಅಕ್ಟೋಬರ್‌ನದರಲ್ಲಿ ನಲವತ್ತಾರು. ಸಂಗೀತ ಅದೇ, ಹಾಳೆ ಅದೇ. ನಾಲ್ಕು ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳ ಎದೆಯೊಳಗೆ ಆದದ್ದೆಲ್ಲ ಅಂಚಿನಲ್ಲಿ ದಾಖಲಾಗಿತ್ತು. ಯಾವ ಆಸ್ಪತ್ರೆಯ ವರದಿಯೂ ಇಷ್ಟು ನೇರವಾಗಿ ಬರೆದಿರಲಾರದು ಎಂದು ಅವರಿಗೆ ಅನ್ನಿಸಿತು.

ಮರುದಿನ ಠಾಣೆಯ ಮೇಜಿನ ಮೇಲೆ ಉಳಿದ ಮೂರು ವಾದ್ಯಗಳ ಹಾಳೆಗಳನ್ನು ಹರಡಿದರು. ಕ್ಲಾರಿನೆಟ್ ಮತ್ತು ಹಾರ್ನ್ ಹಾಳೆಗಳಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಬಸೂನ್ ನುಡಿಸುತ್ತಿದ್ದಾತನೂ ನಿಯಮದಂತೆ ಎಲ್ಲವನ್ನೂ ಅಳಿಸಿದ್ದ, ಕೆಲವು ಪುಟ್ಟ ಸೊನ್ನೆಗಳನ್ನು ಬಿಟ್ಟು. ಅವು ಇಪ್ಪತ್ತೆಂಟಿದ್ದವು.

“ಮರೆತಿರಬಹುದು,” ಎಂದ ಡೆಲ್ಗಾಡೊ.

“ಇಪ್ಪತ್ತೆಂಟು ಸಲ ಮರೀತಾರಾ?”

ಜಯಂತ ವೆಂಕಟಾಚಲರಿಂದ ಪಡೆದು ತಂದ ಓಬೋದ ಎರಡೂ ಛಾಯಾಪ್ರತಿಗಳನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದರು. 2011ರ ನಂತರ ಸ್ಪಂದನಾ ಹೊಸದಾಗಿ ಉಸಿರುಗುರುತು ಹಾಕಿದ ಇಪ್ಪತ್ತೇಳು ಜಾಗಗಳಲ್ಲೂ ಬಸೂನಿನ ಹಾಳೆಯಲ್ಲಿ ಒಂದೊಂದು ಸೊನ್ನೆಯಿತ್ತು. ಕೊನೆಯ ಪುಟದ ಒಂದು ಸೊನ್ನೆಗೆ ಮಾತ್ರ ಜೊತೆಯಿರಲಿಲ್ಲ.

ಮಾರ್ಚ್ 18, ಶುಕ್ರವಾರ ಸಂಜೆ 6.15. ಯೂನಿವರ್ಸಿಟಿ ಸಿಟಿಯ ಅಪಾರ್ಟ್‌ಮೆಂಟೊಂದರ ಬಾಗಿಲು ತೆರೆದವನು ಸಂಕೇತ್, ಬಸೂನ್ ವಾದಕ, ವೃತ್ತಿಯಿಂದ ಎಂಜಿನಿಯರ್. ಕುಕ್ಕರ್ ಕೂಗುತ್ತಿತ್ತು. ವಾರಂಟ್ ನೋಡಿದ. ಮೌನವಾಗಿರುವ ಹಕ್ಕು ಇದೆ ಎಂದು ಡೆಲ್ಗಾಡೊ ಓದಿ ಹೇಳಿದ. ಸಂಕೇತ್ ಹೋಗಿ ಒಲೆ ಆರಿಸಿ ಬಂದ.

“ನಿಮ್ಮ ಹಾಳೆಯಲ್ಲಿರೋ ಸೊನ್ನೆ ಏನು?”

“ಅಲ್ಲಿ ನನ್ನ ಸ್ವರ ಎಳೀಬೇಕು ಅಂತ.”

“ಬರೆದಿರೋದು ಹಾಗಾ?”

“ಇಲ್ಲ, ಸರ್. ಬರೆದಿರೋದು ನಿಲ್ಲಿಸು ಅಂತ. ಅವಳಿಗೆ ಉಸಿರು ಸಾಲದೇ ಇದ್ದಾಗ ನಡುವೆ ಖಾಲಿ ಬೀಳ್ತಿತ್ತು. ಕೇಳೋರಿಗೆ ಗೊತ್ತಾಗ್ಬಾರದು ಅಂತ ನಾನು ಎಳೀತಿದ್ದೆ.”

“ಅವರೇ ಕೇಳಿದ್ರಾ?”

“ಕೇಳೋ ಜಾತಿ ಅಲ್ಲ ಅವಳು. ಒಂದ್ಸಲ ಮಾತ್ರ, ‘ನೀನು ಟೈಮ್ ತಪ್ತಿದ್ದೀಯ ಕಣೋ’ ಅಂತ ನಕ್ಕಳು.”

“ಹಾಳೆ ಎಲ್ಲಿ?”

ಅವನು ಬಸೂನಿನ ಪೆಟ್ಟಿಗೆ ತೆರೆದ. ಮುಚ್ಚಳದ ಒಳಬದಿಯಲ್ಲಿ, ರೇಷ್ಮೆ ಬಟ್ಟೆಯ ಹಿಂದೆ, ಹದಿನಾಲ್ಕು ಹಾಳೆಗಳೂ ಮಡಿಕೆಯಿಲ್ಲದೆ ಇದ್ದವು.

“ಅವರ ಮನೆಯವರನ್ನ ಏನಾದ್ರೂ ನೆನಪಿಗೆ ಕೇಳಬಹುದಿತ್ತಲ್ಲ?”

“ಯಾವ ಬಾಯಲ್ಲಿ ಕೇಳ್ಲಿ, ಸರ್? ನಾನು ಅವರಿಗೆ ಏನೂ ಅಲ್ಲ. ಪಕ್ಕದ ಕುರ್ಚಿ, ಅಷ್ಟೇ.”

6.50ಕ್ಕೆ ಬಂಧನವಾಯಿತು. ಸುದ್ದಿ ತಿಳಿಸಿದಾಗ ವೆಂಕಟಾಚಲ ಫೋನಿನಲ್ಲಿ ಕೇಳಿದ್ದು ಒಂದೇ: “ಯಾವಾಗ ಅಳಿಸಬಹುದು?”

“ಈಗ ಅದು ಸಾಕ್ಷ್ಯ, ಸರ್. ಕೋರ್ಟಿನಲ್ಲಿ ತೀರ್ಮಾನ ಆಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ.”

“ಎಷ್ಟು ದಿನ?”

“ನಮ್ಮ ಕೈಲಿಲ್ಲ.” ಜಯಂತ ಫೋನ್ ಇಟ್ಟರು. ಕೋಳ ತೊಟ್ಟು ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ಸಂಕೇತ್ ತಲೆಯೆತ್ತಿ ನೋಡಿದ.

ವರದಿಯಲ್ಲಿ ಉದ್ದೇಶ ಬರೆಯುವ ಜಾಗ ಒಂದೂವರೆ ಸಾಲಿನಷ್ಟಿತ್ತು. ಕೃತಿ ಯಾರದೆಂದು ವಿದ್ವಾಂಸರು ವಾದಿಸಲಿ. ಆ ಕಾಗದದಲ್ಲಿ ನಿಸ್ಸಂದೇಹವಾಗಿ ಒಬ್ಬರದೇ ಆಗಿದ್ದುದು ಪೆನ್ಸಿಲ್ ಗೆರೆಗಳು. ಅವಳ ಉಸಿರು ನಿಂತ ಮೇಲೂ ಉಳಿದಿದ್ದ ಅವು ಶನಿವಾರದ ರಬ್ಬರಿಗೆ ಸಿಕ್ಕಬಾರದೆಂದು ಅವನು ಕದ್ದಿದ್ದ. ಜಯಂತ ‘ವೈಯಕ್ತಿಕ’ ಎಂದಷ್ಟೇ ಬರೆದರು.

ಉಳಿದದ್ದು ಜಪ್ತಿ ಪಂಚನಾಮೆ. ಡೆಲ್ಗಾಡೊ ಹಾಳೆ ತಿರುವುತ್ತ ಗಟ್ಟಿಯಾಗಿ ಎಣಿಸಿದ.

“ಪೆನ್ಸಿಲ್ ಗುರುತು ನಲವತ್ತಾರು. ಬರ್ಕೊಳ್ಳಿ, ಬಾಸ್.”

“ನಲವತ್ತೇಳು,” ಎಂದ ಸಂಕೇತ್. “ಕೊನೇ ಪುಟ, ಮೇಲಿಂದ ಮೂರನೇ ಸಾಲು. ಡಿಸೆಂಬರ್ ತಾಲೀಮಲ್ಲಿ ಹಾಕಿದ್ದು. ಕೈ ಒತ್ತೋಕೆ ಆಗ್ತಿರಲಿಲ್ಲ ಅವಳಿಗೆ.”

ಜಯಂತ ಹಾಳೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರು. ಗೆರೆ ಅಲ್ಲಿತ್ತು, ಇದೆಯೋ ಇಲ್ಲವೋ ಎನ್ನುವಷ್ಟು. ಅವರು ಪಂಚನಾಮೆಯಲ್ಲಿ 46ನ್ನು ಹೊಡೆದುಹಾಕಿ 47 ಎಂದು ತಿದ್ದಿದರು. ತಿದ್ದುಪಡಿಯ ಪಕ್ಕದಲ್ಲಿ ನಿಯಮದಂತೆ ಸಹಿ ಹಾಕಿ, ವೇಳೆ ನಮೂದಿಸಿದರು: ಸಂಜೆ 7.25.