ಹಿರಿಯೂರಿಗೆ ಹೊರಟರೆ ನಿಲ್ಲುವ ಕಾರು

“ಮನಸ್ಸಿಲ್ದಿದ್ರೆ ಇಲ್ಲ ಅಂದ್ಬಿಡ್ರಿ. ಪಾಪ, ಕಾರಿನ ಮೇಲ್ಯಾಕೆ ಹಾಕ್ತೀರಿ?”

ನೋಡಲು ಬಂದ ವರನಿಗೆ ಏಕಾಂತಮ್ಮ ಆಡಿದ ಮೊದಲ ಮಾತೇ ಇದು! ಕೈಯಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಶಿವಕುಮಾರಪ್ಪ ಗಾಬರಿಯಿಂದ ಮೇಲೆದ್ದ. ತಗಡು ಠಣ್ಣೆಂದು ನೆತ್ತಿಗೆ ಬಡಿಯಿತು. ತೋಳಿಗೆ ಮಸಿ, ಮೂಗಿಗೂ ಮಸಿ.

'ಫೋಟೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿದ್ದಾನೆ...' ಎಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅವಳ ಸಿಟ್ಟಿಗೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಪೆಟ್ರೋಲ್ ಬೆಲೆಗೆ ಬೆಂಕಿ ಬಿದ್ದಿದ್ದ ಎಪ್ಪತ್ನಾಲ್ಕನೇ ಇಸವಿ ಅದು. ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ ಮುರುಗೇಶಪ್ಪನ ಮಗಳಿಗೆ ಹೊಳಲ್ಕೆರೆಯ ಸಂಬಂಧ ಕೂಡಿಬಂದಿತ್ತು. ಎರಡೂ ಮನೆಯ ಹಿರಿಯರು ಒಪ್ಪಿದ್ದರು. ಹುಡುಗ ಬಂದು ಹುಡುಗಿಯನ್ನು ನೋಡಿ, ಹೂ ಮುಡಿಸುವುದೊಂದೇ ಬಾಕಿ.

ಮೊದಲ ಸಲ ಹೊರಟಾಗ ಅವರ ಅಂಬಾಸಿಡರ್ ಚಿತ್ರದುರ್ಗ ದಾಟುವುದರೊಳಗೆ ನಿಂತಿತು. ಎರಡನೇ ಸಲ ಐಮಂಗಲದ ಹತ್ತಿರ. ಎರಡು ಸಲವೂ ಹಾಗೇ ವಾಪಸ್ಸು ಹೋದರು. ಏಕಾಂತಮ್ಮನ ತಾಯಿ ಬಸಮ್ಮ ಮಾಡಿಟ್ಟ ಹೋಳಿಗೆ ಅಕ್ಕಪಕ್ಕದ ಮನೆಗಳಿಗೆ ಹೋಯಿತು. ಹೋಳಿಗೆಯ ಜೊತೆ ಸುದ್ದಿಯೂ ಹೋಯಿತು.

ಇವತ್ತು ನಿಲ್ಲುತ್ತಾ, ಹೊರಡುತ್ತಾ, ಒಳ್ಳೆಯ ಹೊತ್ತು ಮೀರಿಸಿಕೊಂಡು ಹೇಗೋ ಬಂದ ಕಾರು ಸರಿಯಾಗಿ ಅವಳ ಮನೆ ಬಾಗಿಲಲ್ಲೇ ಉಸಿರು ಬಿಟ್ಟಿತು!

ಹುಡುಗನ ಸೋದರಮಾವ ಪರಮೇಶ್ವರಪ್ಪ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟಾಗಿತ್ತು. “ಇದು ಮೂರನೇ ಸಲ. ಶಿವನ ಚಿತ್ತದಾಗೇ ಇಲ್ಲ ಅಂದ್ಮೇಲೆ ದಾಟಬಾರದು. ಕಾಫಿ ಕುಡ್ದು ಹೊರಡಾಣ.” ಕಾರು ರಿಪೇರಿ ಮಾಡು ಎಂದು ಅಳಿಯನಿಗೆ ಹೇಳಿದ್ದೂ ವಾಪಸ್ಸು ಹೋಗುವುದಕ್ಕೇ. ಅದು ಈ ಸಲ ಹೋದರೆ ಮತ್ತೆ ಬರುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬಸಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಏಕಾಂತಮ್ಮನಿಗೆ ಮಾತ್ರ ಬೇರೆಯೇ ಅನುಮಾನ. ಕೊಬ್ಬರಿ ತರುವ ದಾಸಣ್ಣ ಆ ಕಾರನ್ನು ಹೊಸದುರ್ಗದಲ್ಲಿ ವಾರವಾರವೂ ನೋಡುತ್ತಿದ್ದನಂತೆ. ಅದು ಒಂದು ದಿನವೂ ಕೆಮ್ಮಿದ್ದಿಲ್ಲವಂತೆ. ಹಾಗಾದರೆ ಹಿರಿಯೂರಿನ ದಾರಿಯಲ್ಲಿ ಮಾತ್ರ ಕೆಡುವುದೇಕೆ? ಬೇಡವಾದದ್ದು ಕಾರಿಗಲ್ಲ, ಕಾರು ಓಡಿಸುವವನಿಗೆ... ಇಷ್ಟು ತಿಳಿಯದಷ್ಟು ದಡ್ಡಿಯೇ ನಾನು?

ಶಿವಕುಮಾರಪ್ಪ ನೆತ್ತಿ ಉಜ್ಜಿಕೊಂಡ. ಕೋಪಿಸಿಕೊಳ್ಳಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

“ನಂಗೂ ಅದೇ ಗೊತ್ತಾಗ್ತಿಲ್ಲ. ಎಲ್ಲಿಗೆ ಹೋದ್ರೂ ಸರಿಯಾಗೇ ಓಡ್ತೈತೆ. ನಿಮ್ಮೂರಿಗೆ ಹೊರಟ್ರೆ ನಿಲ್ತೈತೆ.”

ಚೊಂಬು ತೆಗೆದುಕೊಳ್ಳಲು ಬಗ್ಗಿದಾಗ ಅವನ ಜೇಬಿನಿಂದ ಒಂದು ಫೋಟೋ ಇಣುಕಿತು. ಅವಳದೇ! ಮೂಲೆಗೆಲ್ಲ ಮಸಿ ಹತ್ತಿತ್ತು. ಮನಸ್ಸಿಲ್ಲದವನು ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆಯೇ? ಏಕಾಂತಮ್ಮನ ಸಿಟ್ಟು ನಿಂತಲ್ಲೇ ಇಳಿಯಿತು. ನಾಚಿಕೆಯಾಯಿತು, ಅಳುವೂ ಬಂತು.

“ನಾನೇನು ಹಿಡ್ಕಬೇಕು ಹೇಳ್ರಿ” ಎಂದಳು, ಮೆಲ್ಲಗೆ.

ಅವನು ಪ್ಲಗ್ಗುಗಳನ್ನು ಬಿಚ್ಚಿ ಕೊಟ್ಟ, ಅವಳು ಉಪ್ಪುಕಾಗದದಿಂದ ತಿಕ್ಕಿದಳು. ಕಾರ್ಬೊರೇಟರ್ ಬಿಚ್ಚಿ ಊದಿದ. ಪೆಟ್ರೋಲ್ ಪಂಪು ಕಾದಿರಬಹುದೆಂದ. ಅವಳು ಅಪ್ಪನ ಟವೆಲ್ಲನ್ನೇ ಒದ್ದೆ ಮಾಡಿ ಅದಕ್ಕೆ ಸುತ್ತಿದಳು. ಆಮೇಲೆ ಅವನು ಹಿಂದೆ ಹೋಗಿ, ಟ್ಯಾಂಕಿನ ಮುಚ್ಚಳ ತೆಗೆದು, ತೆಂಗಿನ ಗರಿಯ ಕಡ್ಡಿ ಅದ್ದಿ ನೋಡಿದ. ಪೆಟ್ರೋಲ್ ಬೇಕಾದಷ್ಟಿತ್ತು.

ಸ್ಟಾರ್ಟ್ ಆಯಿತು! ಬಸ್ ಸ್ಟ್ಯಾಂಡಿನ ತನಕ ಹೋಗಿ ತಿರುಗಿಸಿಕೊಂಡು ಬಂದ. ಬಾಗಿಲಿಗೆ ಬಂದಿದ್ದೇ ಗುಡ್ ಗುಡ್ ಎಂದು ನಿಂತಿತು.

ಮತ್ತೆ ಪ್ಲಗ್ಗು, ಮತ್ತೆ ಪಂಪು. ಕೊನೆಗೆ ಮತ್ತೆ ಕಡ್ಡಿ. ಮತ್ತೆ ಸ್ಟಾರ್ಟ್, ಮತ್ತೆ ಬಂದ್. ಜಗಲಿಯ ಮೇಲಿನ ಮಾವ ಗಡಿಯಾರ ನೋಡಿಕೊಂಡರು. ಶಿವಕುಮಾರಪ್ಪ ಸೋತು ಮಡ್‌ಗಾರ್ಡಿಗೆ ಒರಗಿ ನಿಂತ. ಅವನ ಆ ಮುಖ ನೋಡಲಾಗಲಿಲ್ಲ ಅವಳಿಗೆ.

'ಶಿವನೇ, ಹೀಗೆ ಕೊಟ್ಟು ಹೀಗೆ ಕಿತ್ತುಕೊಳ್ಳಬೇಡ...'

ಆಗ ಅವಳಿಗೆ ಏನೋ ಹೊಳೆಯಿತು. ಇವನು ಏನೆಲ್ಲ ಬಿಚ್ಚಿದರೂ ಕಾರು ಹೊರಟಿದ್ದು ಮುಚ್ಚಳ ತೆಗೆದ ಮೇಲೆಯೇ. ತೆಗೆಯುವಾಗ ಪ್ರತಿ ಸಲವೂ ಸುಯ್ ಎಂಬ ಸದ್ದು.

“ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬೀಳಲ್ಲ. ಗಾಳಿ ಹೋಗಾಕೆ ಇನ್ನೊಂದು ತೂತು ಬೇಕು. ಈ ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗ್ತೈತೆ?”

ಅವನು ಅವಳನ್ನೇ ನೋಡಿದ. ಮುಚ್ಚಳದಲ್ಲೇ ಅದಕ್ಕೊಂದು ಸಣ್ಣ ತೂತು ಇರುತ್ತದೆಂದು ಅವನಿಗೆ ಗೊತ್ತಿತ್ತು. ಮುಚ್ಚಳ ತಿರುಗಿಸಿ ನೋಡಿದರೆ, ಮೇಲೆ ಮೂರು ಬೆರಳಿನ ವಿಭೂತಿ! ನೀರಲ್ಲಿ ಕಲಸಿ ಬಳಿದದ್ದು ಒಣಗಿ, ತೂತಿಗೆ ಗಾರೆಯಂತೆ ಕೂತಿತ್ತು. ಅವಳು ಸೆರಗಿನ ಪಿನ್ನು ತೆಗೆದುಕೊಟ್ಟಳು. ಚುಚ್ಚಿದ, ಊದಿದ. ತೂತಿನ ಆಚೆ ಬೆಳಕು ಕಂಡಿತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ. ಶುಭಕಾರ್ಯಕ್ಕೆ ಹೊರಡುವಾಗ ಮಾತ್ರ ಅವನ ತಾಯಿ ವೀರಮ್ಮ ಕಾರಿಗೆ ಪೂಜೆ ಮಾಡುತ್ತಿದ್ದರು. ಬಾನೆಟ್ಟಿಗೆ, ಚಕ್ರಕ್ಕೆ, ಕೊನೆಗೆ 'ಅನ್ನ ಹೋಗೋ ಬಾಯಿಗೆ' ಎಂದು ಪೆಟ್ರೋಲ್ ಮುಚ್ಚಳಕ್ಕೂ ವಿಭೂತಿ. ವಾಪಸ್ಸು ಬಂದ ಮೇಲೆ ಮಗ ಕಾರು ತೊಳೆಯುತ್ತಿದ್ದ, ತೂತು ತೆರೆದುಕೊಳ್ಳುತ್ತಿತ್ತು. ಹೊಸದುರ್ಗದ ವ್ಯಾಪಾರಕ್ಕೆ ಯಾರು ಪೂಜೆ ಮಾಡುತ್ತಾರೆ?

ಮಾವನಿಗೆ ಹೇಳಲು ಅವನು ಜಗಲಿಯತ್ತ ಓಡಿದ. ಏಕಾಂತಮ್ಮ ತೋಳು ಹಿಡಿದು ನಿಲ್ಲಿಸಿದಳು. ಹಿಡಿದಿದ್ದು ಗೊತ್ತಾಗಿ ಬಿಟ್ಟಳು.

“ಹೇಳಬ್ಯಾಡ್ರಿ. ತನ್ನ ಕೈಯಿಂದ್ಲೇ ಮಗನ ಕೆಲ್ಸ ಕೆಡ್ತು ಅಂತ ಅವ್ರು ಎಷ್ಟು ನೊಂದ್ಕಂತಾರೆ...”

“ಹೇಳ್ದಿದ್ರೆ ನೀವು ನಂಗೆ ಸಿಗಲ್ಲ.”

ಅಷ್ಟರಲ್ಲಿ, ಮಗನ ಜೊತೆಗೇ ಬಂದು ಒಳಗೆ ಕೂತಿದ್ದ ವೀರಮ್ಮ ಹೊರಗೆ ಬಂದೇಬಿಟ್ಟರು, ವಾಪಸ್ಸು ಹೋಗುವ ದಾರಿಯಾದರೂ ಸುಗಮವಾಗಲೆಂದು ಅಂಗೈಯಲ್ಲಿ ವಿಭೂತಿ ಕಲಸಿಕೊಂಡು. ಅತ್ತು ಕಣ್ಣು ಕೆಂಪಾಗಿದ್ದವು. ನೇರವಾಗಿ ಮುಚ್ಚಳಕ್ಕೇ ಕೈ ಚಾಚಿದರು.

“ಅಲ್ಲಿ ಬ್ಯಾಡ ಅತ್ತೆ” ಎಂದಳು ಏಕಾಂತಮ್ಮ. “ಅದು ಕಾರು ಉಸಿರಾಡೋ ಜಾಗ.”

ವೀರಮ್ಮನ ಕೈ ನಿಂತಿತು. ಹುಡುಗಿಯ ಬಾಯಿಂದ ಬಂದ 'ಅತ್ತೆ' ಎಂಬ ಪದ ಮೊದಲು ಕೇಳಿಸಿತು. ಆಮೇಲೆ ಪಿನ್ನಿನ ತುದಿಯ ಬಿಳಿ ಪುಡಿ ಕಂಡಿತು, ಮಗನ ಮುಖವೂ ಕಂಡಿತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಂಗೈಯ ವಿಭೂತಿಯನ್ನು ಹುಡುಗಿಯ ಹಣೆಗೆ ಹಚ್ಚಿ, ಜಗಲಿಗೆ ನಡೆದರು.

“ಅಣ್ಣಾ, ದಾರಿಗೆ ಅಡ್ಡ ಬಂದಿದ್ದು ಶಿವ ಅಲ್ಲ, ನಾನು. ಹುಡುಗಿ ನನ್ನ ಆಗ್ಲೇ ಅತ್ತೆ ಅಂದವ್ಳೆ. ಹೂ ಮುಡಿಸ್ದೆ ನಾ ಏಳಲ್ಲ.”

ಪರಮೇಶ್ವರಪ್ಪ ಸುಲಭಕ್ಕೆ ನಂಬುವವರಲ್ಲ. ಮುರುಗೇಶಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ವೇದಾವತಿ ಸೇತುವೆ ದಾಟಿಸಿ, ಬಹಳ ದೂರ ಓಡಿಸಿಕೊಂಡು ಬಂದರು. ಕಾರು ಎಲ್ಲೂ ನಿಲ್ಲಲಿಲ್ಲ. ಇಳಿದವರು ಮುಖ ಗಂಟಿಕ್ಕಿಕೊಂಡೇ, ಹೋಳಿಗೆ ಆರಿಹೋಯಿತೇನಮ್ಮಾ ಎಂದು ಬಸಮ್ಮನನ್ನು ಕೇಳಿದರು. ಮನೆಗೆ ಜೀವ ಬಂತು.

ಒಳಗೆ ಹೂ ಕಟ್ಟುವ ಗಡಿಬಿಡಿ. ಶಿವಕುಮಾರಪ್ಪ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದ. ಏಕಾಂತಮ್ಮ ಸೀಗೆಪುಡಿ ತಂದು ಅವನ ಅಂಗೈಗೆ ಹಾಕಿದಳು.

“ಎಲ್ರೂ ನನ್ನೇ ಕೇಳ್ತಾವ್ರೆ, ಒಪ್ಪಿಗೆನಾ ಅಂತ” ಎಂದ ಅವನು, ತಲೆ ಎತ್ತದೆ. “ನಿಮ್ಮನ್ನ ಯಾರೂ ಕೇಳ್ಲಿಲ್ಲ. ನಾನು ಕೇಳ್ತಿದೀನಿ. ನಿಮಗೆ ಒಪ್ಪಿಗೆನಾ?”

ಅವಳ ಕಣ್ಣು ತುಂಬಿದವು. ಹೌದು, ಇಷ್ಟು ದಿನ ಯಾರೂ ಕೇಳಿರಲಿಲ್ಲ. ಚೊಂಬು ಬಗ್ಗಿಸಿ ಅವನ ಕೈಗೆ ನೀರು ಹಾಕಿದಳು. ಮಸಿ ನಿಧಾನವಾಗಿ ಹೋಗುತ್ತಿತ್ತು.

“ಬ್ಯಾಡ ಅನ್ನಂಗಿದ್ರೆ, ಆ ತೂತಿನ ವಿಷ್ಯ ಬಾಯಿ ಬಿಡ್ತಿದ್ನೇನ್ರಿ ನಾನು?”