ಬಳ್ಳಿ ಸವರಬೇಕು

“ಯಾರ್ರೀ ನೀವು? ಏನ್ ಮಾಡ್ಬಿಟ್ರಿ ಇದನ್ನ!”

ಗೇಟಿನಲ್ಲೇ ನಿಂತು ಸಮತಾ ಚೀರಿದಳು. ದುರ್ಗಿಗುಡಿಯ ಶಾಲೆಯಲ್ಲಿ ಪಾಠ ಮುಗಿಸಿ, ಶಿವಮೊಗ್ಗದಿಂದ ಬಸ್ಸು ಹಿಡಿದು ಭದ್ರಾವತಿಯ ಓಲ್ಡ್ ಟೌನಿನ ಮನೆಗೆ ಆಗಷ್ಟೇ ಬಂದಿದ್ದಳು. ಬೆಳಿಗ್ಗೆ ಕಿಟಕಿಯೆತ್ತರಕ್ಕೆ ಹಬ್ಬಿದ್ದ ಮಲ್ಲಿಗೆ ಬಳ್ಳಿ ಈಗ ಮೊಣಕಾಲೆತ್ತರದ ನಾಲ್ಕು ಕಡ್ಡಿ! ಪಕ್ಕದಲ್ಲಿ ಕತ್ತರಿ ಹಿಡಿದ ಅಪರಿಚಿತ ಗಂಡಸು.

“ನಾನು ಪರಮೇಶ. ಪಕ್ಕದ್ಮನೆ ಕಲ್ಲಮ್ಮನ ಅಕ್ಕನ ಮಗ. ನಿನ್ನೆಯಿಂದ ಅವರ ಮನೇಲೇ ಇದೀನಿ. ಶಂಕರಘಟ್ಟದ ಹತ್ರ ನರ್ಸರಿಲಿ ಕೆಲಸ... ನಿಮ್ಮ ಅವ್ವಾರೇ ಹೇಳಿದ್ರು, ‘ಬಳ್ಳಿ ಸವರ್ಬೇಕು ಕಣಪ್ಪಾ’ ಅಂತ.”

“ಅಯ್ಯೋ... ಅವ್ವ ಹೇಳಿದ್ದು ಮುಟ್ಟೋದಕ್ಕೆ ಕಣ್ರೀ! ತಾನು ಮುಟ್ಬೇಕು ಅಂತ!”

ಲಕ್ವ ಹೊಡೆದು ಮಲಗಿದ್ದ ಅವಳ ಅವ್ವ ಈಶ್ವರಮ್ಮನಿಗೆ ಸ್ವಾಧೀನದಲ್ಲಿ ಎಡಗೈಯೊಂದೇ ಉಳಿದಿತ್ತು. ಕಿಟಕಿಯ ಸರಳುಗಳ ನಡುವೆ ಅದನ್ನು ತೂರಿಸಿ, ಕರುವಿನ ಮೈ ಸವರಿದ ಹಾಗೆ ಆ ಎಲೆಗಳನ್ನು ಸವರುತ್ತ ಹಗಲು ಕಳೆಯುತ್ತಿದ್ದಳು. ಅಂದು ಗಾಳಿಗೆ ಬಳ್ಳಿ ಆಚೆ ವಾಲಿ ಕೈಗೆ ಸಿಕ್ಕಿರಲಿಲ್ಲ. ಒಂಚೂರು ಈಚೆ ಸರಿಸಲಿ ಎಂಬುದಷ್ಟೇ ಅವಳ ಆಸೆ.

ನರ್ಸರಿಯವನ ಕಿವಿಗೆ ಸವರುವುದೆಂದರೆ ಕತ್ತರಿಸುವುದು. ಅದೂ ೧೯೯೮ರ ಕಾರ್ತೀಕ ಮುಗಿದು ಚಳಿ ಕಾಲಿಟ್ಟ ಹೊತ್ತು. ಮಲ್ಲಿಗೆ ಸವರಲು ಹೇಳಿ ಮಾಡಿಸಿದ ಕಾಲ.

ಪರಮೇಶನ ಮುಖ ಕಪ್ಪಿಟ್ಟಿತು. ಕಿಟಕಿಯ ಬಳಿ ಹೋಗಿ ಕೈಮುಗಿದ. “ತಪ್ಪಾಯ್ತು ಅವ್ವಾ...”

ಈಶ್ವರಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಒಂಬತ್ತನೇ ದಿನ ಬೆಳಿಗ್ಗೆ ಆ ಎಡಗೈಯೂ ತಣ್ಣಗಾಗಿತ್ತು. ಬೆರಳುಗಳು ಕಿಟಕಿಯ ಸರಳಿನ ಮೇಲೇ ಇದ್ದವು.

ತಿಥಿ ಕಳೆದ ಮಾರನೆಯ ದಿನದಿಂದ ಪರಮೇಶ ದಿನಾ ಕೆಲಸಕ್ಕೆ ಹೋಗುವ ಮುಂಚೆ ಬರತೊಡಗಿದ. ಬುಡ ಅಗೆದು ಬೇರಿಗೆ ಬಿಸಿಲು ತೋರಿಸಿದ. ಕತ್ತರಿಸಿದ ತುದಿಗಳಿಗೆ ಸೆಗಣಿ ಮೆತ್ತಿದ. ಕೆಲವು ದಿನ ಬಿಟ್ಟು ಗೊಬ್ಬರ ಹಾಕಿ ಮಣ್ಣು ಮುಚ್ಚಿದ. ಸಮತಾ ಅವನ ಮುಖ ನೋಡಲಿಲ್ಲ.

ಕಾಂಪೌಂಡಿನಾಚೆಯಿಂದ ಕಲ್ಲಮ್ಮ ರೇಗಿಸುತ್ತಿದ್ದಳು. “ಲೇ ಪರಮೇಶಿ, ಆ ಒಣಕಡ್ಡಿಗೆ ಮಾಡೋ ಸೇವೆ ನನ್ನ ಮೊಣಕಾಲಿಗೆ ಮಾಡೋ ಮಾರಾಯ. ಅದಾದ್ರೂ ಚಿಗುರುತ್ತೆ!”

ಒಂದು ಬೆಳಿಗ್ಗೆ ಸಮತಾ ಹಟಕ್ಕೆ ಬಿದ್ದವಳಂತೆ ಕೊಡ ಎತ್ತಿಕೊಂಡು ಬಂದಳು.

“ನೀರು ಹಾಕ್ಬೇಡಿ ಟೀಚರ್! ಈಗ ಹಾಕಿದ್ರೆ ಬರೀ ಎಲೆ ಬರುತ್ತೆ. ಹೂ ಬೇಕಂದ್ರೆ ಇನ್ನೊಂದು ತಿಂಗಳು ಬಾಯಾರ್ಬೇಕು ಅದು.”

“ಕಡಿಯೋದು, ಬಾಯಾರಿಸೋದು... ಬೇರೆ ಏನಾದ್ರೂ ಬರುತ್ತಾ ನಿಮಗೆ?”

“ಕಾಯೋದು ಬರುತ್ತೆ.”

ಕೊಡವನ್ನು ಅಲ್ಲೇ ಕುಕ್ಕಿ ಅವಳು ಒಳಗೆ ಹೋದಳು. ಆದರೆ ನೀರು ಹಾಕಲಿಲ್ಲ.

ಪುಷ್ಯದ ಕೊನೆಯಲ್ಲಿ ಒಂದು ಕಡ್ಡಿಯ ಗಂಟಿನಲ್ಲಿ ಸಾಸಿವೆಯಷ್ಟು ಹಸಿರು ಕಾಣಿಸಿತು. ಸಮತಾ ಮಂಡಿಯೂರಿ ಕುಳಿತು, ಬೆರಳ ತುದಿಯಿಂದ ಅದನ್ನು ಮೆಲ್ಲನೆ ಸವರಿದಳು. ಸವರಿದ್ದೇ ತಡ, ಬಿಕ್ಕಿಬಿಕ್ಕಿ ಅತ್ತಳು.

ಪರಮೇಶ ದೂರದಲ್ಲೇ ನಿಂತ.

“ದಿನಾ ಯಾಕ್ರೀ ಬರ್ತೀರಿ? ನಾನು ಇಷ್ಟು ಬೈದ್ರೂ...”

“ಅವ್ವಾರು ಆವತ್ತು ಬೈಲೇ ಇಲ್ಲ. ಒಂದ್ಮಾತು ಬೈದಿದ್ರೆ ಬರ್ತಿರ್ಲಿಲ್ವೇನೋ.”

ಸಮತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ತಿಂಗಳಿಂದ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಮಾತು ಹೊರಬಿತ್ತು.

“ಆವತ್ತು ಬೆಳಿಗ್ಗೆ ಅವ್ವ ಮೊದಲು ನನ್ನೇ ಕೇಳಿದ್ಲು. ‘ಬಳ್ಳಿ ಸವರ್ಬೇಕು ಕಣೇ, ಈಚೆ ಎಳಿ’ ಅಂತ. ಬಸ್ಸು ಹೋಗುತ್ತೆ, ಸಂಜೆ ನೋಡೋಣ ಅಂದ್ಬಿಟ್ಟೆ. ನಾನು ಎಳೆದು ಕಟ್ಟಿದ್ರೆ ನಿಮ್ಮನ್ನ ಕೇಳ್ತಿರ್ಲಿಲ್ಲ. ಅಷ್ಟು ದಿನ ನಾನು ಬೈದಿದ್ದು ನಿಮಗಲ್ಲ ಪರಮೇಶ್...”

ಅವನು ನೀರಿನ ಕೊಡ ತಂದು ಅವಳ ಮುಂದಿಟ್ಟ.

“ಈಗ ಹಾಕಿ. ಇವತ್ತಿಂದ ಹಾಕ್ಬಹುದು.”

ಶಿವರಾತ್ರಿ ಕಳೆಯುವಷ್ಟರಲ್ಲಿ ಮೊಗ್ಗು ಬಂತು. ಮೊದಲ ಬೊಗಸೆ ಹೂ ಈಶ್ವರಮ್ಮನ ಫೋಟೋಕ್ಕೆ ಏರಿತು. ಆ ಹೂವಿನ ಪರಿಮಳದಲ್ಲೂ ಸಮತಾಳಿಗೆ ಖಾಲಿ ಮಂಚವೇ ಕಾಣುತ್ತಿತ್ತು.

ಮತ್ತೆ ಕಾರ್ತೀಕ ಮುಗಿಯಿತು, ಚಳಿ ಬಂತು. ಬಳ್ಳಿ ಕಿಟಕಿಯನ್ನು ಪೂರ್ತಿ ಮುಚ್ಚಿತ್ತು. ಸಮತಾ ತಾನೇ ಪಕ್ಕದ ಮನೆಯ ಬಾಗಿಲಿಗೆ ಹೋದಳು.

“ಬಳ್ಳಿ ಸವರ್ಬೇಕು.”

ಕತ್ತರಿ ಹಿಡಿದು ಬಂದ ಪರಮೇಶ ಬಳ್ಳಿಯ ಮುಂದೆ ನಿಂತುಬಿಟ್ಟ. “ಯಾವ ಸವರೋದು ಟೀಚರ್? ಈ ಸಲ ಕೇಳ್ಕೊಂಡೇ ಮಾಡ್ತೀನಿ.”

ಅವಳು ಅವನ ಒರಟು ಕೈ ಹಿಡಿದು ಎಲೆಗಳ ಮೇಲಿಟ್ಟಳು. ಅದರ ಮೇಲೆ ತನ್ನ ಕೈ.

“ಮೊದಲು ಇದು. ಆಮೇಲೆ ಅದು.”

“ಆಮೇಲೆ?”

“ಆಮೇಲೆ ಕಾಯೋದು. ನಿಮಗೆ ಬರುತ್ತಲ್ಲ...” ಅವಳು ಕೈ ತೆಗೆಯಲಿಲ್ಲ. “ಈ ಸಲ ಪಕ್ಕದ್ಮನೆಯಿಂದ ಬೇಡ. ಈ ಮನೆ ಒಳಗಿದ್ದೇ ಕಾಯಿರಿ.”

ಪರಮೇಶ ಕತ್ತರಿಯನ್ನು ಕೆಳಗಿಟ್ಟು, ಆ ಕೈಯನ್ನೂ ಅವಳ ಕೈಮೇಲಿಟ್ಟ.