ಪಟಕಾದ ಮಡಿಕೆಯಲ್ಲಿ ಅಗರು

"ಹಳೆ ಅರಿವಿ ಕೊಟ್ಟು ಭಾಂಡೆ ತಗೊಳ್ಳೂದಿಲ್ಲ ನಾವು. ಮುಂದಿನ ಮನಿಗೆ ಹೋಗ್ರಿ," ಎಂದಳು ಶೇವಂತಾ, ಹೊಲಿಗೆ ಮಷೀನಿನಿಂದ ತಲೆ ಎತ್ತದೆಯೇ.

ಬಾಗಿಲಲ್ಲಿ ನಿಂತವನು ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ.

"ನನ್ನ ಕಡೆ ಭಾಂಡೆ ಇಲ್ಲರಿ, ವೈನಿ," ಎಂದ, ಅತ್ತಿಗೆಯನ್ನು ಕರೆಯುವ ಹಾಗೆ.

"ಮತ್ತ ಹಳೆ ಪಟಕಾ ಐತೇನು ಅಂತ ಯಾಕ ಕೇಳಿದ್ರಿ?"

ಆಗ ಅವಳು ತಲೆ ಎತ್ತಿದಳು. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಬೂದು ಬಣ್ಣದ ಮಫ್ಲರು, ಕೈಯಲ್ಲಿ ಚರ್ಮದ ಪೆಟ್ಟಿಗೆ. ಯಾವ ಕಡೆಯಿಂದ ನೋಡಿದರೂ ಭಾಂಡೆ ಪಾತ್ರೆ ಮಾರುವವನಲ್ಲ. ಅವಳು ನಾಚಿ ಸೆರಗು ಬಾಯಿಗೆ ಹಿಡಿದಳು. ಅವನ ಕಣ್ಣು ಮಾತ್ರ ನಗುತ್ತಿದ್ದವು.

"ಯಾರ ಬೇ ಅವರು?" ಒಳಗಿನಿಂದ ಅತ್ತೆ ಗೌರಾಬಾಯಿ ಕೂಗಿದಳು. ಅವಳ ಬಾಯಿ ತುಂಬ ಮಶೇರಿ. ಸುಟ್ಟ ತಂಬಾಕಿನ ಆ ಪುಡಿಯಿಂದ ಹಲ್ಲು ತಿಕ್ಕದೆ ಅವಳಿಗೆ ಬೆಳಗಾಗುತ್ತಿರಲಿಲ್ಲ.

ಅವನು ಹತ್ತಿರದ ಹಳ್ಳಿ ಅಕ್ಕೋಳದ ರಾಜಾರಾಮ. ಮುಂಬೈಯ ಸೆಂಟಿನ ಕಂಪನಿಯೊಂದರಲ್ಲಿ ಸುಗಂಧ ಬೆರೆಸುವ ಕೆಲಸ. ಅರಬರ ದೇಶದ ಶ್ರೀಮಂತರಿಗಾಗಿ ಅವನ ಸಾಹೇಬರು ಸುಗಂಧದ ಮರವಾದ ಅಗರಿನ ಸೆಂಟೊಂದನ್ನು ಮಾಡಬೇಕೆಂದಿದ್ದರು. ಆದರೆ ಹಿಂದಿನ ಕಾಲದ ಅಗರಿನ ಎಣ್ಣೆ ಈಗ ಎಲ್ಲಿಯೂ ಸಿಗುತ್ತಿರಲಿಲ್ಲ. ಅದನ್ನು ಇಳಿಸುತ್ತಿದ್ದ ಅಸ್ಸಾಮಿನ ಮುದುಕನ ಜೊತೆಗೇ ಅದೂ ಹೋಗಿತ್ತು. ಆಗ ರಾಜಾರಾಮನಿಗೆ ಇದೇ ನಿಪ್ಪಾಣಿಯ ಒಂದು ಮದುವೆ ನೆನಪಾಗಿತ್ತು.

"ನಿಮ್ಮ ಲಗ್ನದಾಗ ನಾನೂ ಅಕ್ಷತಾ ಹಾಕೀನಿ. ಜ್ಞಾನದೇವಣ್ಣ ತಲಿಗೆ ಸುತ್ತಿದ್ದ ಪಟಕಾಕ್ಕ ಹಚ್ಚಿದ್ದರಲ್ಲ ಅಗರಿನ ಅತ್ತರು, ಅದನ್ನ ನಾನು ಇನ್ನೂ ಮರತಿಲ್ಲ."

"ಮದಿಮಗಳು ನೆನಪದಾಳೇನು?" ಗೌರಾಬಾಯಿ ಬಾಯಿ ತೊಳೆದುಕೊಂಡು ಬಂದು ಕೇಳಿದಳು.

ರಾಜಾರಾಮ ಪೇಚಿಗೆ ಸಿಕ್ಕ. "ಮದಿಮಗಳು... ಸೆರಗು ಹೊತ್ತಿದ್ರು."

"ನೋಡಬೇ, ಇವನ ಮೂಗಷ್ಟ ಲಗ್ನಕ್ಕ ಬಂದಿತ್ತು!"

ಶೇವಂತಾ ಎಷ್ಟೋ ದಿನದ ಮೇಲೆ ನಕ್ಕಳು. ನಕ್ಕದ್ದು ತನಗೇ ಕೇಳಿಸಿ ಸುಮ್ಮನಾದಳು.

ಆ ಮದುವೆಯ ಮಾತು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳ ಗಂಡ ಜ್ಞಾನದೇವ ಮೊದಲ ದೀಪಾವಳಿಗೂ ಉಳಿಯದೆ ಕಾಮಾಲೆಯಲ್ಲಿ ಹೋಗಿಬಿಟ್ಟ. ಅವಳಿಗೆ ಆಗಿನ್ನೂ ಅತ್ತೆಮನೆಯ ಡಬ್ಬಿಗಳಲ್ಲಿ ಯಾವುದರಲ್ಲಿ ಏನಿದೆ ಎಂಬುದೂ ಗೊತ್ತಿರಲಿಲ್ಲ. ಈಗ ವಯಸ್ಸು ಮೂವತ್ತರ ಹತ್ತಿರ. ಗಂಡನ ಮುಖ ಫೋಟೋ ನೋಡಿದರೆ ಮಾತ್ರ ನೆನಪಾಗುತ್ತಿತ್ತು, ದನಿಯಂತೂ ಎಂದೋ ಅಳಿಸಿಹೋಗಿತ್ತು. ಉಳಿದದ್ದು ಆ ವಾಸನೆ ಒಂದೇ. ಮದುವೆಯ ರೇಷ್ಮೆ ಪಟಕಾವನ್ನು ಅವಳು ಟ್ರಂಕಿನಲ್ಲಿಟ್ಟು, ವರ್ಷಕ್ಕೊಮ್ಮೆ ಯುಗಾದಿ ಪಾಡ್ಯದ ದಿನ ತೆರೆದು, ಒಂದು ಉಸಿರು ಎಳೆದುಕೊಂಡು, ಇದ್ದದ್ದು ಹಾರಿಹೋದೀತೆಂದು ಬೇಗ ಮುಚ್ಚಿಬಿಡುತ್ತಿದ್ದಳು. ಆ ಒಂದು ಉಸಿರಿನಲ್ಲಿ ವರ್ಷ ಕಳೆಯಬೇಕಿತ್ತು.

ಪಟಕಾದ ಸೆರಗಿನಿಂದ ಬೆರಳಗಲದ ಚೂರುಗಳು ಬೇಕು, ಸ್ಪಿರಿಟಿನಲ್ಲಿ ನೆನೆಹಾಕಿ ನೋಡಬೇಕು ಎಂದ ರಾಜಾರಾಮ.

"ನೀವು ಕತ್ತರಿಸಿದಂಗ ವಾಸನಿ ಖರ್ಚಾಗತೈತಿ. ನಿಮಗ ಕೂಡಿ ಬರಲಿಲ್ಲ ಅಂದ್ರ?" ಅವಳು ಟ್ರಂಕಿನ ಕೀಲಿಯನ್ನು ಸೆರಗಿಗೆ ಗಂಟುಹಾಕಿಕೊಂಡಳು. "ನನಗ ಇರೂದು ಅದೊಂದ."

"ಕೂಡಿ ಬಂದ್ರ ನೀವು ಟ್ರಂಕ್ ಮುಚ್ಚಿಡೂದ ಬ್ಯಾಡ, ವೈನಿ. ಮೊದಲನೇ ಬಾಟಲಿ ನಿಮ್ಮದು."

ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಅವನು ಮತ್ತೆ ಬಂದಾಗ, ಕತ್ತರಿ ತೆಗೆದುಕೊಂಡು ತಾನೇ ಒಂದು ಚೂರು ಕತ್ತರಿಸಿ, ಅಂಗೈಯಲ್ಲಿಟ್ಟು ತಂದುಕೊಟ್ಟಳು.

ಅಂದಿನಿಂದ ರಾಜಾರಾಮ ಮುಂಬೈಗೆ ಮರಳದೆ, ಅಕ್ಕೋಳದ ತನ್ನ ಮನೆಯಿಂದ ಬಸ್ಸಿನಲ್ಲಿ ಬಂದು ಅವರ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚತೊಡಗಿದ. ಸಣ್ಣ ಸಣ್ಣ ಸೀಸೆಗಳು. ಉದ್ದನೆಯ ಕಾಗದದ ಪಟ್ಟಿಯನ್ನು ಸೀಸೆಯಲ್ಲಿ ಅದ್ದಿ, ಗಾಳಿಯಲ್ಲಿ ಬೀಸಿ, ಅವಳ ಮುಂದೆ ಹಿಡಿಯುತ್ತಿದ್ದ. ಅವಳು ಕಣ್ಣು ಮುಚ್ಚಿ ಮೂಸುವಾಗ ಅವನು ಅವಳ ರೆಪ್ಪೆಗಳನ್ನೇ ನೋಡುತ್ತ ಕೂರುವನು. ಉತ್ತರ ಬಾಯಿಗೆ ಬರುವ ಮೊದಲು ಅಲ್ಲಿ ಬರುತ್ತಿತ್ತು.

"ಇದು ಅಲ್ಲ."

"ಯಾಕಲ್ಲ?"

"ಇದು ದೇವರಮನಿ ಆತು."

ಇನ್ನೊಂದು ದಿನ, "ಇದು ಸುಟ್ಟ ಕಟಗಿ." ಮತ್ತೊಂದು ದಿನ ಅವಳು ಮೂಗು ಹಿಂದಕ್ಕೆಳೆದು, "ಇದೇನ್ರಿ, ಗೌಡರ ಬೈಠಕ್ಕಿನ್ಯಾಗ ಕುಂತಂಗ ಆತಲ್ಲ!" ಎಂದಾಗ ಇಬ್ಬರೂ ನಕ್ಕರು.

"ನಿಮ್ಮ ಮೂಗಿನ ಮುಂದ ನಮ್ಮ ಸಾಹೇಬರ ಮೂಗು ಏನೂ ಅಲ್ಲ," ಎಂದು ಅವನು ಸೀಸೆಗಳನ್ನು ತುಂಬಿಕೊಳ್ಳುತ್ತಿದ್ದ. ಅವಳು ಚಹಾ ತರುತ್ತಿದ್ದಳು. ಲೋಟ ಕೊಡುವಾಗ ಬೆರಳು ತಾಗದಂತೆ ಇಬ್ಬರೂ ಎಷ್ಟು ಎಚ್ಚರವಾಗಿರುತ್ತಿದ್ದರೆಂದರೆ, ಒಮ್ಮೆ ಲೋಟವೇ ನಡುವೆ ಬಿದ್ದು ಒಡೆಯಿತು.

"ಒಂದು ಲೋಟ ಹೋತು," ಎಂದಳು ಗೌರಾಬಾಯಿ, ಯಾರನ್ನೂ ನೋಡದೆ. "ನಾಳಿಂದ ಸ್ಟೀಲಿಂದರಾಗ ಕೊಡು."

ಅವನು ಹೋದ ಮೇಲೆ ಪಡಸಾಲೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಸಂಜೆ ತಂಬಾಕಿನ ಗೋದಾಮುಗಳಿಂದ ಹೆಂಗಸರು ಗುಂಪಾಗಿ ಮಾತಾಡುತ್ತ ಮನೆಗೆ ಹೋಗುವುದನ್ನು ಅವಳು ಕಿಟಕಿಯಿಂದ ನೋಡುತ್ತ ನಿಲ್ಲುವಳು. ಒಂಟಿತನ ಅವಳಿಗೆ ಹೊಸದಲ್ಲ. ಆದರೆ ಈಗ ಅದಕ್ಕೆ ಬಸ್ಸಿನ ವೇಳೆ ಗೊತ್ತಾಗಿಬಿಟ್ಟಿತ್ತು.

ಮುಂಬೈಯಿಂದ ಬುಲಾವು ಬಂದ ದಿನ ರಾಜಾರಾಮ ಸೋತ ಮುಖದಲ್ಲಿ ಬಂದ. "ಅಗರು ಕೂಡಿ ಬಂದೈತಿ, ವೈನಿ. ಆಣಿ ಮಾಡಿ ಹೇಳ್ತೀನಿ. ಲಗ್ನದ ದಿನದ್ದು ಇದ."

ಅವಳು ಮೂಸಿದಳು. ಮತ್ತೆ ಮೂಸಿದಳು. "ಎಲ್ಲಾ ಐತಿ. ಏನೋ ಒಂದಿಲ್ಲ. ಅವರಿಲ್ಲ ಇದರಾಗ."

"ಟ್ರಂಕ್ ಒಮ್ಮಿ ನನಗ ತೋರಸ್ರಿ. ಒಮ್ಮಿ ಸಾಕು."

ಅವಳು ಬಹಳ ಹೊತ್ತು ಕೀಲಿ ಹಿಡಿದು ನಿಂತಳು. ಆಮೇಲೆ ತೆರೆದಳು. ಅವನು ಮುಟ್ಟಲಿಲ್ಲ, ಬಾಗಿ ನೋಡಿದ. ಪಟಕಾದ ಮಡಿಕೆಗಳ ನಡುವೆ ಕಂದು ಬಣ್ಣದ, ಅಂಗೈಗಿಂತ ಅಗಲವಾದ ಒಣ ಎಲೆಗಳಿದ್ದವು.

"ಇದೇನು?"

"ತಂಬಾಕಿನ ಎಲಿ. ರೇಷ್ಮಿಗೆ ನುಸಿ ಹತ್ತಬಾರದಂತ. ಪಾಡ್ಯಕ್ಕೊಮ್ಮಿ ಹೊಸಾದು ಇಡ್ತೀನಿ. ನಿಮ್ಮ ಅವ್ವ ಇಡೂದಿಲ್ಲೇನು?"

"ಇಡ್ತಾಳ." ಅವನು ಎಲೆಯ ಚೂರೊಂದನ್ನು ಬೆರಳಲ್ಲಿ ಹಿಡಿದ. "ಇದರ ವಾಸನಿ ಬರಾಂಗಿಲ್ಲೇನು ನಿಮಗ?"

"ತಂಬಾಕಿಗೆ ಏನ ವಾಸನಿ?"

ಅವನಿಗೆ ನಗು ಬಂತು, ಬೆನ್ನಿಗೇ ಸಂಕಟವೂ. "ನೀವು ಹುಟ್ಟಿದಾಗಿಂದ ಈ ಗಾಳ್ಯಾಗ ಇದ್ದೀರಿ, ನಿಮಗೆಲ್ಲಿ ಗೊತ್ತಾಗಬೇಕು! ನಾನರ ನೋಡ್ರಿ, ಅರಿವಿ ಚೂರಿನ್ಯಾಗ ಅದು ಬಂದ್ರ ಊರಿನ ವಾಸನಿ ಅಂತ ಬಿಟ್ಟುಬಿಟ್ಟೆ. ನಿಮಗ ಬೇಕಾಗಿದ್ದು ಇದ. ಇಷ್ಟು ವರ್ಷ ಅಗರಿನೊಳಗ ಇಳದೈತಿ."

ಶೇವಂತಾ ಮಡಿಕೆಯಿಂದ ಒಂದು ಎಲೆ ಎತ್ತಿ ಮೂಸಿದಳು.

"ಹಂಗಾದ್ರ... ಲಗ್ನದ ದಿನ ಇದು ಇರಲಿಲ್ಲ?"

ಅವನು ಸುಳ್ಳು ಹೇಳಬಹುದಿತ್ತು. "ಇರಲಿಲ್ಲ," ಎಂದ.

"ಅಂದ್ರ ನಾನು ಇಷ್ಟು ವರ್ಷ ಯಾರ ವಾಸನಿ ಕಾದಿಟ್ಟೆ?" ಅವಳು ಟ್ರಂಕು ಮುಚ್ಚಿದಳು. "ನೀವು ಹೋಗ್ರಿ. ಮುಂಬೈಕ್ಕ ಹೋಗ್ರಿ. ಇನ್ನ ಬರಬ್ಯಾಡ್ರಿ."

ಅವನು ಹೋದ. ಅವನು ತೂಗುಹಾಕಿದ್ದ ಮಫ್ಲರು ಗೋಡೆಯ ಗೂಟದಲ್ಲೇ ಉಳಿಯಿತು.

ಚಳಿ ಹೋಯಿತು, ಮಾವು ಹೂಬಿಟ್ಟವು. ಬಸ್ಸಿನ ವೇಳೆಗೆ ಶೇವಂತಾ ಮಷೀನು ಜೋರಾಗಿ ತುಳಿಯುತ್ತಿದ್ದಳು, ಹಾರ್ನು ಕೇಳಬಾರದೆಂದು. ಗೌರಾಬಾಯಿ ಒಂದು ದಿನ ಅವಳ ತಲೆಗೆ ಎಣ್ಣೆ ಹಚ್ಚುತ್ತ, "ನನಗೂ ಮಗನ ದನಿ ಮರತೈತಿ ಬೇ," ಎಂದಳು. "ಹೆತ್ತಾಕಿಗೇ ಮರತೈತಿ. ನೀ ಯಾಕ ಅಳತಿ?" ಎಣ್ಣೆಯ ಬಟ್ಟಲು ಖಾಲಿಯಾದರೂ ಆ ಕೈ ತಲೆಯ ಮೇಲೆಯೇ ಇತ್ತು.

ಪಾಡ್ಯದ ದಿನ ಬಂತು. ಶೇವಂತಾ ಟ್ರಂಕು ತೆರೆದು, ಹೊಸ ತಂಬಾಕಿನ ಎಲೆ ಕೈಯಲ್ಲಿ ಹಿಡಿದು ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

"ಭಾಂಡೆ ತಂದಿಲ್ಲರಿ," ಎಂದ ರಾಜಾರಾಮ.

ಅವನು ದಪ್ಪ ಗಾಜಿನ, ಬಂಗಾರ ಬಣ್ಣದ ಮುಚ್ಚಳದ ಬಾಟಲಿಯನ್ನು ಅವಳ ಮುಂದಿಟ್ಟು ದೂರ ಸರಿದು ನಿಂತ. ಅವಳು ಮುಂಗೈಗೆ ಒಂದು ಹನಿ ಹಚ್ಚಿಕೊಂಡಳು. ಅದೇ. ಮೊದಲು ಅಗರಿನ ಕತ್ತಲೆ, ಅದರ ಹಿಂದಿನಿಂದ ಏನೋ ಬೆಚ್ಚಗಿನದು, ಒಣಗಿದ್ದು, ಬಹಳ ದಿನ ಬಾಗಿಲು ತೆರೆಯದ ಕೋಣೆಯಂಥದ್ದು. ಅದಕ್ಕೆ ಹೆಸರೇನೆಂದು ಈಗ ಅವಳಿಗೆ ಗೊತ್ತಿತ್ತು.

"ಅಗರು ಜ್ಞಾನದೇವಣ್ಣಂದು," ಎಂದ ಅವನು. "ಉಳದದ್ದು ನಿಮ್ಮದು. ಅಷ್ಟು ವರ್ಷ ಎಲಿ ಬದಲ ಮಾಡಿ ಮಾಡಿ ನೀವ ತುಂಬಿದ್ದು. ಸಾಹೇಬರು ಇದರಾಗ ಏನು ಹಾಕೀದಿ ಅಂತ ಕೇಳಿದ್ರು. ನನಗ ಹೇಳಾಕ ಬರಲಿಲ್ಲ." ಅವನು ಒಮ್ಮೆ ಉಸಿರು ತೆಗೆದುಕೊಂಡ. "ನಾ ಅಗರು ಹುಡುಕ್ಕೊಂತ ಬಂದಿದ್ದೆ, ಶೇವಂತಾ. ಈಗ ನನಗ ಆ ಎರಡನೇದು ಇಲ್ಲದ ಆಗಾಂಗಿಲ್ಲ."

ವೈನಿ ಎಂಬ ಮಾತು ಬಿಟ್ಟುಹೋದದ್ದು ಮೂವರಿಗೂ ಕೇಳಿಸಿತು.

ಒಳಗಿನಿಂದ ಗೌರಾಬಾಯಿ ಕೇಳಿದಳು, "ಲೇ ತಮ್ಮಾ, ಮುಂಬೈದಾಗ ಮಶೇರಿ ಸಿಗತೈತೇನ?"

"ಸಿಗತೈತ್ರಿ, ಮಾವಶಿ. ದಾದರದಾಗ ಬೇಕಾದಷ್ಟು."

"ಹಂಗಾದ್ರ ನನ್ನದೇನೂ ತಕರಾರಿಲ್ಲ. ಆಕೀನ ಕೇಳು."

ಶೇವಂತಾ ಪಟಕಾವನ್ನು ಟ್ರಂಕಿನಿಂದ ಎತ್ತಿ, ಅದರ ಹಳೆಯ ಎಲೆಗಳನ್ನು ಜಾಡಿಸಿ, ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹರವಿ ಬಂದಳು. ಗಾಳಿಗೆ ಅದು ಒಮ್ಮೆ ಉಬ್ಬಿ ಇಳಿಯಿತು.

"ನನ್ನ ಮಫ್ಲರು ಇಲ್ಲೇ ಉಳದಿತ್ತು," ಎಂದ ರಾಜಾರಾಮ ಮೆಲ್ಲಗೆ. "ಟ್ರಂಕಿನಾಗ ಇಟ್ಟೀರೇನು?"

ಅವಳು ಗೂಟದಿಂದ ಮಫ್ಲರು ತೆಗೆದಳು. ಅವನು ತೂಗುಹಾಕಿದ ದಿನದಿಂದ ಅದು ಅಲ್ಲೇ ಇತ್ತು, ಧೂಳು ಕೂರಲು ಮಾತ್ರ ಬಿಟ್ಟಿರಲಿಲ್ಲ.

"ಇಲ್ಲ," ಎಂದಳು, ಅದನ್ನು ಅವನ ಕೈಗೆ ಕೊಡುತ್ತ. ಈ ಸಲ ಇಬ್ಬರ ಬೆರಳೂ ಎಚ್ಚರ ಮರೆತವು. "ಇದನ್ನ ಎಲಿ ಇಟ್ಟು ಕಾಯಾಕ ನನ್ನ ಕೈಲಿ ಆಗಾಂಗಿಲ್ಲ. ದಿನಾ ಹಾಕ್ಕೊಳ್ಳಾವ್ರು ಬೇಕು."